ಬಿರುಬೇಸಿಗೆಯಲ್ಲಿ ಕೋಳಿಮರಿಗಳ ಆಹಾರಕ್ಕೆ ಹಿಂಡಿ ಬೆರೆಸುವ ಮುನ್ನ ಇದನ್ನು ಓದಿ

ಕಳೆದ ಏಪ್ರಿಲ್‌ನಲ್ಲಿ ರಾಯಚೂರು ಜಿಲ್ಲೆಯ ನಮ್ಮ ಶೆಡ್ಡಿನಲ್ಲಿದ್ದ 600 ಗಿರಿರಾಜ ಮರಿಗಳ ಪೈಕಿ 143 ಮರಿಗಳು ಎರಡೇ ಮಧ್ಯಾಹ್ನಗಳಲ್ಲಿ ಸತ್ತವು. ಬಿಸಿಲನ್ನು ದೂರಿ ಸುಮ್ಮನಾಗಬಹುದಿತ್ತು. ಆದರೆ ಹಿಂದಿನ ಬೇಸಿಗೆಯಲ್ಲಿ ಇದೇ ಸೂರಿನಡಿ ಚೆನ್ನಾಗಿ ಬೆಳೆದ ಮರಿಗಳಿಗೂ ಇವಕ್ಕೂ ಇದ್ದ ವ್ಯತ್ಯಾಸವೆಂದರೆ ನಾನು ಹಾಕಿದ ಆಹಾರ ಮಾತ್ರ.

ಮರಿಗಳಿಗೆ ನಾಲ್ಕು ವಾರ ತುಂಬಿದಾಗ, ಮೂಟೆಯ ಫೀಡಿಗೆ ಶೇಂಗಾ ಹಿಂಡಿ ಬೆರೆಸಿದರೆ ಪ್ರೋಟೀನ್ ಹೆಚ್ಚಿ ಬೇಗ ತೂಕ ಬರುತ್ತದೆ ಎಂದು ಆಹಾರ ಮಾರುವವರೊಬ್ಬರು ಹೇಳಿದರು. ನಾನು ನಂಬಿ ಧಾರಾಳವಾಗಿ ಬೆರೆಸಿದೆ, ತಟ್ಟೆಗಳು ದಿನವಿಡೀ ತುಂಬಿರುವಂತೆಯೂ ನೋಡಿಕೊಂಡೆ. ಮೊದಲ ವಾರ 32ರಿಂದ 35 ಡಿಗ್ರಿ ಕಾವು ಬೇಡುವ ಮರಿಗಳಿಗೆ ಸೆಕೆ ಏನು ಮಾಡೀತು ಎಂಬ ತಪ್ಪು ಎಣಿಕೆಯೂ ನನ್ನಲ್ಲಿತ್ತು. ಪುಕ್ಕ ಬಲಿತ ಮೇಲೆ ಅವಕ್ಕೆ ಅಷ್ಟು ಶಾಖ ಹಿತವಲ್ಲ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಶೆಡ್ಡಿನೊಳಗೆ ಹೋದಾಗ ಮರಿಗಳು ರೆಕ್ಕೆಗಳನ್ನು ಮೈಯಿಂದ ದೂರ ಚಾಚಿ, ಬಾಯಿ ತೆರೆದು ಏದುಸಿರು ಬಿಡುತ್ತ ಭತ್ತದ ಹೊಟ್ಟಿನ ಮೇಲೆ ಬೋರಲು ಬಿದ್ದಿದ್ದವು. ಕೈಗೆತ್ತಿಕೊಂಡ ಒಂದು ಮರಿಯ ಕತ್ತಿನ ಬುಡದ ಚೀಲ ಆಹಾರದಿಂದ ಬಿರಿಯುವಷ್ಟು ತುಂಬಿತ್ತು. ಅದರ ಪಾದಗಳು ನನ್ನ ಅಂಗೈಯನ್ನು ಸುಡುತ್ತಿದ್ದವು. ಅದು ಕೈಯಲ್ಲಿಯೇ ಕತ್ತು ಚೆಲ್ಲಿತು.

ಮರುದಿನ ಬಂದ ಪಶುವೈದ್ಯರು ವಿವರಿಸಿದ ಮೇಲೆಯೇ ನನಗೆ ಅರ್ಥವಾಯಿತು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ, ಸೆಕೆಯಲ್ಲಿ ಅದು ಮುಖ್ಯವಾಗಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ತಿಂದದ್ದು ಅರಗುವಾಗ ಮೈಯೊಳಗೆ ಶಾಖ ಹುಟ್ಟುತ್ತದೆ. ಪ್ರೋಟೀನ್‌ನಿಂದ ಹುಟ್ಟುವಷ್ಟು ಶಾಖ ಪಿಷ್ಟದಿಂದಾಗಲಿ ಕೊಬ್ಬಿನಿಂದಾಗಲಿ ಹುಟ್ಟುವುದಿಲ್ಲ. ಶೇಂಗಾ ಹಿಂಡಿಯಲ್ಲಿ ಮೈ ಬೆಳೆಯಲು ಬೇಕಾದ ಲೈಸಿನ್ ಮತ್ತು ಮೆಥಿಯೋನಿನ್ ಎಂಬ ಪ್ರೋಟೀನ್ ಘಟಕಗಳು ಕಡಿಮೆಯಿರುವುದರಿಂದ ಅದರ ಪ್ರೋಟೀನ್ ಪೂರ್ತಿಯಾಗಿ ಮಾಂಸವಾಗದೆ, ಉಳಿದದ್ದನ್ನು ಒಡೆದು ಯೂರಿಕ್ ಆಮ್ಲವಾಗಿ ಹೊರಹಾಕುವ ಕೆಲಸವೂ ಮರಿಯ ಮೇಲೆ ಬಿದ್ದು ಮೈಶಾಖ ಮತ್ತಷ್ಟು ಏರುತ್ತದೆ. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ರಕ್ತದ ಆಮ್ಲ-ಕ್ಷಾರ ಸಮತೋಲನ ಕೆಡುತ್ತದೆ, ಜೊತೆಗೆ ಪೊಟ್ಯಾಸಿಯಂನಂತಹ ಲವಣಗಳೂ ನಷ್ಟವಾಗುತ್ತವೆ.

ಆದ್ದರಿಂದ ಬೇಸಿಗೆಯಲ್ಲಿ ಸಮತೋಲನದ ಫೀಡಿಗೆ ಮೇಲಿಂದ ಹಿಂಡಿ ಬೆರೆಸಬೇಡಿ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯೊಳಗೆ ತಟ್ಟೆಗಳನ್ನು ಮೇಲೆತ್ತಿ, ಸಂಜೆ ಬಿಸಿಲು ಇಳಿದ ಮೇಲೆ ಇಳಿಸಿ. ಹಾಗೆ ಇಳಿಸುವಾಗ ತಟ್ಟೆಗಳ ಸಂಖ್ಯೆ ಸಾಲದಿದ್ದರೆ ಹಸಿದ ಮರಿಗಳು ಒಂದರ ಮೇಲೊಂದು ಮುಗಿಬಿದ್ದು ತುಳಿದಾಡುತ್ತವೆ ಎಂಬುದನ್ನೂ ಮರೆಯಬೇಡಿ. ನೀರನ್ನಂತೂ ಒಂದು ಗಳಿಗೆಯೂ ತಪ್ಪಿಸಬಾರದು.

ಕೋಳಿಯ ಮೈ ತಾನೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತದೆಯಾದರೂ ಕಡು ಸೆಕೆಯಲ್ಲಿ ಅದು ಸಾಲುವುದಿಲ್ಲ. ಅದನ್ನೂ ನಷ್ಟವಾದ ಲವಣಗಳನ್ನು ತುಂಬಿಕೊಡುವ ಎಲೆಕ್ಟ್ರೊಲೈಟ್ ಪುಡಿಯನ್ನೂ ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಬೆಳಗಿನ ಹೊತ್ತಿನಲ್ಲಿಯೇ ಕೊಡಿ. ಈ ವಿಟಮಿನ್ ಬಿಸಿನೀರಿನಲ್ಲಿ ಬೇಗ ಕೆಡುವುದರಿಂದ ಬಿಸಿಲಿಗೆ ಕಾದ ಸೂರಿನ ಮೇಲಿನ ಟ್ಯಾಂಕಿಗೆ ಸುರಿದರೆ ದುಡ್ಡು ದಂಡ. ನಾನೀಗ ಮಣ್ಣಿನ ಹರವಿಯ ತಣ್ಣೀರಿನಲ್ಲಿ, ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಲಸಿಕೊಳ್ಳುತ್ತೇನೆ.