ಚೀನಾದ ‘40ಕೆ’ ಸ್ಕ್ಯಾನರ್ ಸೆಟ್: ಮೂರು ಗಣೇಶೋತ್ಸವ ದುಡಿಸಿದ ಮೇಲೆ

ಲೇಸರ್ ಶೋ ಪ್ರೊಜೆಕ್ಟರ್‌ನೊಳಗೆ ಎರಡು ಪುಟ್ಟ ಕನ್ನಡಿ ಅಲುಗಿಸಿ, ಕಿರಣದಿಂದ ಗೋಡೆಯ ಮೇಲೆ ಚಿತ್ರ ಬರೆಯಿಸುವ ಮೋಟರ್ ಜೋಡಿಯೇ (ಗ್ಯಾಲ್ವೊ) ಈ ಸ್ಕ್ಯಾನರ್ ಸೆಟ್: ಅಡ್ಡಕ್ಕೆ ಎಕ್ಸ್, ಮೇಲೆ-ಕೆಳಗೆ ವೈ. ಡಬ್ಬಿಯ ಮೇಲಿರುವ ‘40ಕೆ’, ಅಂದರೆ ಸೆಕೆಂಡಿಗೆ 40 ಸಾವಿರ ಬಿಂದು, ನಂಬಬೇಡಿ. ಅಂಕಿ ಸುಳ್ಳಲ್ಲ, ಕಿರಣ ಎಷ್ಟು ಡಿಗ್ರಿ ಹರಡಿದಾಗ ಅನ್ನೋದನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಮುಚ್ಚಿಟ್ಟಿದ್ದಾರೆ. ಇಲ್ಡಾ (ಲೇಸರ್ ಶೋ ನಡೆಸುವವರ ಅಂತರರಾಷ್ಟ್ರೀಯ ಸಂಘ) ಅಳತೆ 8 ಡಿಗ್ರಿಯದು, ಈ ಸೆಟ್ಟಿನ ಕಾಗದದಲ್ಲಿರೋದು 4 ಡಿಗ್ರಿ. ಗೋಡೆಗೆ 4 ಮೀಟರ್ ದೂರದಲ್ಲಿ ಪ್ರೊಜೆಕ್ಟರ್ ಇಟ್ಟರೆ 8 ಡಿಗ್ರಿಗೆ 56 ಸೆಂ.ಮೀ. ಅಗಲದ ಚಿತ್ರ ಬೀಳುತ್ತದೆ, 4 ಡಿಗ್ರಿಗೆ ಬರೀ 28. ಮಂಡಳದವರು ‘ಇನ್ನಷ್ಟು ದೊಡ್ಡದು ಮಾಡ್ರೀ’ ಅಂತಾರೆ. ಆಪರೇಟರ್ ಸೈಜ್ ಏರಿಸಿ 40 ಡಿಗ್ರಿಗೆ ಒಯ್ದರೆ ಅದೇ ಗೋಡೆಯ ಮೇಲೆ 2.9 ಮೀಟರ್ ತುಂಬುತ್ತದೆ. ವೇಗವನ್ನು ಮಾತ್ರ 40ಕೆಯಲ್ಲೇ ಬಿಟ್ಟಿರುತ್ತಾನೆ. ಮೋಟರ್ ಕೈ ಇಡಲಾಗದಷ್ಟು ಕಾಯುತ್ತದೆ, ಮೋಟರ್ ಓಡಿಸುವ ಡ್ರೈವರ್ ಬೋರ್ಡಿನ ಪವರ್ ಐಸಿ ಅದಕ್ಕೂ ಮೊದಲು ಸಾಯುತ್ತದೆ. ಸಾಫ್ಟ್‌ವೇರ್‌ನಲ್ಲಿ 28ರಿಂದ 30ಕೆ ಇಟ್ಟು, ಅಗಲವನ್ನು 30 ಡಿಗ್ರಿ ದಾಟದಂತೆ ನೋಡಿಕೊಂಡ ಸೆಟ್ ಮಾತ್ರ ಮೂರು ಹಬ್ಬ ಕಂಡಿದೆ.

ಹೊಸ ಸೆಟ್ ತರಿಸುವ ಮೊದಲು ಹಳೆಯದು ಖರೇನೇ ಸತ್ತಿದೆಯೇ ನೋಡಿ. ಗೋಡೆಯ ಮೇಲೆ ಬರೀ ಅಡ್ಡ ಗೆರೆ ಬಿದ್ದರೆ ವೈ ನಿಂತಿದೆ, ಬರೀ ಉದ್ದ ಗೆರೆ ಬಿದ್ದರೆ ಎಕ್ಸ್ ನಿಂತಿದೆ. ಕರೆಂಟ್ ತೆಗೆದು, ಇನ್‌ಪುಟ್‌ನ ಎಕ್ಸ್ ಮತ್ತು ವೈ ಪ್ಲಗ್‌ಗಳನ್ನು ಅದಲುಬದಲು ಮಾಡಿ ಮತ್ತೆ ಹಚ್ಚಿ. ಅಡ್ಡ ಗೆರೆ ಈಗ ಉದ್ದವಾದರೆ ತಪ್ಪು ಸಿಗ್ನಲ್‌ನಲ್ಲಿದೆ: 25 ಪಿನ್ ಕೇಬಲ್ ಅಥವಾ ಒಳಗಿನ ಕಾರ್ಡ್. ಅಡ್ಡವಾಗಿಯೇ ಉಳಿದರೆ ವೈ ಡ್ರೈವರ್ ಇಲ್ಲವೇ ವೈ ಮೋಟರ್. ಎರಡೂ ಕನ್ನಡಿ ಒಟ್ಟಿಗೇ ಸುಮ್ಮನಾಗಿದ್ದರೆ ಅಥವಾ ಒಂದು ಬದಿಗೆ ಬಡಿದು ನಿಂತಿದ್ದರೆ ಮೊದಲು ಪವರ್ ಸಪ್ಲೈಗೆ ಮೀಟರ್ ಹಿಡಿಯಿರಿ. ಪ್ಲಸ್ ಎಷ್ಟಿದೆಯೋ ಮೈನಸ್ಸೂ ಅಷ್ಟೇ ಇರಬೇಕು. ಜನರೇಟರ್ ಮೇಲೆ ಓಡುವ ಪೆಟ್ಟಿಗೆಗಳಲ್ಲಿ ಒಂದು ಬದಿ ಹೋಗಿರುವುದು ಹೊಸದಲ್ಲ, ಅದಕ್ಕೆ ಸ್ಕ್ಯಾನರ್ ಬದಲಿಸಿ ದುಡ್ಡು ಹಾಳು ಮಾಡುವುದೂ ಹೊಸದಲ್ಲ. ಮೋಟರ್‌ನ ಕಾಯಿಲ್ ಕೆಲವೇ ಓಮ್ ತೋರಿಸುತ್ತದೆ, ಎರಡರದ್ದೂ ಹೆಚ್ಚುಕಡಿಮೆ ಒಂದೇ ಬರಬೇಕು. ಓಪನ್ ತೋರಿಸಿದರೂ ತಕ್ಷಣ ಎಸೆಯಬೇಡಿ. ವೈರ್ ಮೋಟರ್‌ಗೆ ಸೇರುವ ಜಾಗದಲ್ಲಿ ಮೇಲಿನ ಹೊದಿಕೆ ಗಟ್ಟಿಯಾಗಿದ್ದು ಒಳಗೆ ತಂತಿ ಮುರಿದಿರುತ್ತದೆ, ಸೋಲ್ಡರ್‌ನಿಂದಲೇ ಮುಗಿಯುತ್ತದೆ.

ಈ ಕೆಲಸವೆಲ್ಲ ಲೇಸರ್ ಹೊತ್ತಿಸುವ ಡಯೋಡ್ ಡ್ರೈವರ್‌ನ ಪ್ಲಗ್ ಕಿತ್ತಿಟ್ಟ ಮೇಲೇ. ಕಿರಣದ ದಾರಿಯಲ್ಲಿ 1 ಮಿಲಿವ್ಯಾಟ್‌ನ ಕೆಂಪು ಪಾಯಿಂಟರ್ ಒಂದನ್ನು ಟೇಪ್ ಹಚ್ಚಿ ಕೂರಿಸಿದರೆ ಸಾಕು.

ಜೋಡಿಸುವಾಗಿನ ತೊಂದರೆ ಒಂದೇ, ಎತ್ತರ. ಮೋಟರ್‌ಗಳನ್ನು ಹಿಡಿದಿಡುವ ಹೊಸ ಬ್ಲಾಕ್‌ನ ತೂತುಗಳು ಹಳೆಯ ಪ್ಲೇಟಿಗೆ ಕೂಡುವುದಿಲ್ಲ, ಕಿರಣ ಮೊದಲ ಕನ್ನಡಿಯ ನಡುವಿಗೆ ಬೀಳುವುದಿಲ್ಲ. ವಾಷರ್ ಪೇರಿಸಿ ಎತ್ತರ ಮಾಡಿದರೆ ಡಿಜೆ ಗಾಡಿಯ ನಡುಕಕ್ಕೆ ಎರಡೇ ದಿನದಲ್ಲಿ ಸಡಿಲಾಗುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದೇ ಮಷಿನ್ ಶಾಪ್‌ನಲ್ಲಿ ಅಲ್ಯುಮಿನಿಯಂ ಪ್ಲೇಟ್ ಒಂದನ್ನು ಬೇಕಾದ ದಪ್ಪಕ್ಕೆ ಕೊರೆಸಿಕೊಳ್ಳಿ, ತೂತುಗಳನ್ನು ದುಂಡಗೆ ಬೇಡ, ಉದ್ದುದ್ದ ಮಾಡಿಸಿ, ಸರಿಸಿ ಹೊಂದಿಸಲು ಅನುಕೂಲ. ಮೋಟರ್ ಮೈಗೂ ಬ್ಲಾಕ್‌ಗೂ ನಡುವೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಬಳಿಯಿರಿ. ಆಮೇಲೆ ಕರೆಂಟ್ ಕೊಡುವ ಮೊದಲು ಕನ್ನಡಿಯ ಗಾಜು ಮುಟ್ಟದೆ, ಹಿಡಿಕೆಯನ್ನಷ್ಟೇ ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಎರಡು ಕನ್ನಡಿ ಒಂದಕ್ಕೊಂದು ತಾಗಿದರೆ ಮೊದಲ ಸ್ವಿಚ್ಚಿಗೇ ಎರಡೂ ಚೂರು.

ಸಿಟ್ಟಿನ ವಿಮರ್ಶೆ ಇಲ್ಲಿಗೆ ಸ್ವಲ್ಪ ತಣ್ಣಗಾಗಲಿ, ಯಾಕಂದರೆ ಟ್ಯೂನಿಂಗ್ ಮಾತ್ರ ಈ ಸೆಟ್ಟಿನಲ್ಲಿ ಭಾಳ ಚಂದ. ಸ್ಕ್ಯಾನರ್ ಹೊಂದಿಸಲು ಓಡಿಸುವ ಮಾದರಿ ಚಿತ್ರ, ಅಂದರೆ ಇಲ್ಡಾ ಟೆಸ್ಟ್ ಪ್ಯಾಟರ್ನ್‌ನ ನಡುವಿನ ವೃತ್ತ ಫೈಲಿನಲ್ಲಿ ಇರುವುದು ಚೌಕದ ಹೊರಗೆ, ಅದೂ ಬೆರಳೆಣಿಕೆಯ ಬಿಂದುಗಳಲ್ಲಿ. ಓಡುವ ಕನ್ನಡಿ ತುದಿ ಮುಟ್ಟುವ ಮೊದಲೇ ಹಿಂತಿರುಗುವುದರಿಂದ ಆ ಮೊಂಡು ಆಕೃತಿ ದುಂಡಗಾಗಿ ಚೌಕದೊಳಗೆ ಇಳಿಯುತ್ತದೆ, ನಾಲ್ಕೂ ಬದಿಗೆ ಸರಿಯಾಗಿ ತಾಗಿ ನಿಲ್ಲುತ್ತದೆ. ಅದು ತಾಗಿದ ಕ್ಷಣವೇ ಟ್ಯೂನಿಂಗ್ ಮುಗಿದ ಕ್ಷಣ. ವೃತ್ತ ಹೊರಗೆ ಚಾಚಿದರೆ ನೀವು ನಿಧಾನ ಓಡಿಸುತ್ತಿದ್ದೀರಿ, ಒಳಗೆ ಕುಗ್ಗಿ ತಾಗದಿದ್ದರೆ ಮೋಟರ್‌ಗೆ ಆಗದ ವೇಗ ಕೇಳುತ್ತಿದ್ದೀರಿ. ಪಾಟ್ (ಡ್ರೈವರ್ ಬೋರ್ಡಿನ ಮೇಲಿನ ತಿರುಗಿಸಿ ಹೊಂದಿಸುವ ಗುಂಡಿ) ಮುಟ್ಟುವ ಮೊದಲು ಈಗಿರುವ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ. ಚೌಕದ ಮೂಲೆಯಲ್ಲಿ ಕೊಕ್ಕೆ ಮೂಡಿದರೆ ಡ್ಯಾಂಪಿಂಗ್ (ಕನ್ನಡಿಯ ಓಟಕ್ಕೆ ಹಾಕುವ ತಡೆ) ಸಾಲದು, ಮೂಲೆ ಸವೆದ ಸಾಬೂನಿನಂತಾದರೆ ಹೆಚ್ಚಾಗಿದೆ. ಕಿವಿಯೂ ಬೇಕು: ಸರಿಯಿರುವ ಗ್ಯಾಲ್ವೊ ಒಗ್ಗರಣೆಯ ಹಾಗೆ ಸಣ್ಣಗೆ ಚುರುಗುಟ್ಟುತ್ತದೆ. ಸೀಟಿ ಹೊಡೆಯಲು ಶುರುಮಾಡಿದರೆ ಮೋಟರ್‌ಗೆ ಎಷ್ಟು ಜೋರು ಕೊಡಬೇಕೆಂದು ಹೇಳುವ ಗೇನ್ ಅನ್ನು ತಕ್ಷಣ ಹಿಂದಕ್ಕೆ ತನ್ನಿ, ಹತ್ತು ಸೆಕೆಂಡ್ ತಡ ಮಾಡಿದರೆ ಕಾಯಿಲ್ ವಾಸನೆ ಬರುತ್ತದೆ. 15 ನಿಮಿಷ ಓಡಿಸಿ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಲೇಬೇಕು, ತಣ್ಣಗಿದ್ದಾಗ ಕೂತ ವೃತ್ತ ಆಗ ಜಾರಿರುತ್ತದೆ.

ಕನ್ನಡಿ ಒರೆಸುವುದು ದಿನದ ಪೂಜೆ ಇದ್ದಂತೆ. ಹೊಗೆ ಯಂತ್ರದ ಎಣ್ಣೆಯಂಥ ಪದರ, ಅದರ ಮೇಲೆ ಗುಲಾಲು, ಪಟಾಕಿಯ ಪುಡಿ. ಮೊದಲು ಗಾಳಿ ಊದಿ, ಆಮೇಲೆ ಲೆನ್ಸ್ ಕಾಗದಕ್ಕೆ 99% ಐಸೊಪ್ರೊಪೈಲ್ ಆಲ್ಕೋಹಾಲ್‌ನ ಒಂದೇ ಹನಿ ಹಾಕಿ, ಒಂದೇ ಸಲ ಒಂದೇ ದಿಕ್ಕಿಗೆ ಎಳೆಯಿರಿ. ಗಸಗಸ ಉಜ್ಜಿದರೆ ಮೇಲಿನ ಲೇಪ ಹೋಗುತ್ತದೆ, ಜೊತೆಗೆ ಶಾಫ್ಟ್‌ಗೆ ಅಂಟಿಸಿದ ಗಮ್ಮೂ ಬಿಡುತ್ತದೆ.

ಕ್ಷಮಿಸಲಾಗದ ತಪ್ಪು ಬೇರೆಯೇ ಇದೆ. ಸೆಟ್ಟಿನಲ್ಲಿ ಸ್ಕ್ಯಾನ್-ಫೇಲ್ ಬೋರ್ಡ್ ಇಲ್ಲ. ಕನ್ನಡಿ ನಿಂತರೆ ಲೇಸರ್ ನಿಲ್ಲುವುದಿಲ್ಲ, ಪರದೆಯಗಲ ಹರಡಿದ್ದ ಬೆಳಕೆಲ್ಲ ಒಂದೇ ಚುಕ್ಕೆಯಾಗಿ ಒಂದೇ ಕಡೆ ಸುಡುತ್ತದೆ. ಪರದೆಯ ಮಾತು ಬಿಡಿ, ವಿಡಿಯೊ ಮಾಡುತ್ತಿರುವ ಮೊಬೈಲ್ ಕ್ಯಾಮೆರಾ ಕೂಡಲೇ ಹೋಗುತ್ತದೆ, ಕಣ್ಣಿಗೆ ಬಿದ್ದರೆ ರಿಪೇರಿಯೇ ಇಲ್ಲ. ಅರ್ಧ ವ್ಯಾಟ್ ದಾಟಿದ ಪೆಟ್ಟಿಗೆಗೆ ಈ ಬೋರ್ಡ್ ಬೇರೆ ತಂದು ಕೂರಿಸಲೇಬೇಕು. ಗಲ್ಲಿಯಲ್ಲಿ ಗಣಪತಿ ವಿಸರ್ಜನೆಗೆ ಕಪಿಲೇಶ್ವರ ಹೊಂಡದ ಕಡೆ ಮೆರವಣಿಗೆ ಇಳಿಯುವಾಗ ಮಹಡಿಗಳ ತುಂಬ ಮಂದಿ ನಿಂತಿರುತ್ತಾರೆ. ಕಿರಣ ಜನ ನಿಂತ ನೆಲದಿಂದ 3 ಮೀಟರ್ ಮೇಲೆ ಇರಬೇಕು ಎಂಬ ಲೆಕ್ಕವನ್ನು ಅಲ್ಲಿ ರಸ್ತೆಯಿಂದಲ್ಲ, ಮಹಡಿಯಿಂದ ಹಿಡಿಯಬೇಕು. ಅದಾಗದಿದ್ದರೆ ಆ ಗಲ್ಲಿಯಲ್ಲಿ ಪ್ರೊಜೆಕ್ಟರ್‌ನ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಅಕ್ಷರ ಬರೆಯಿಸುವವರಿಗೆ ಇನ್ನೊಂದು ಮಾತು. ಬೆಳಗಾವಿಯ ಮಂಡಳಗಳಲ್ಲಿ ಕನ್ನಡವೂ ಬೇಕು, ಮರಾಠಿಯೂ ಬೇಕು. ಸ್ವಲ್ಪ ಮಂದವಾದ ಸ್ಕ್ಯಾನರ್‌ನಲ್ಲಿ ದೇವನಾಗರಿಯ ತಲೆಗೆರೆಯ ತುದಿಗಳು ಬಾಗುತ್ತವೆ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಕನ್ನಡದ ಅಕ್ಷರ ಮೊದಲೇ ದುಂಡು, ಮೋಟರ್‌ನ ಸೋಮಾರಿತನ ಅದರಲ್ಲಿ ಕರಗಿಹೋಗುತ್ತದೆ. ಆದರೆ ಒತ್ತಕ್ಷರ ಬಿಂದುಗಳನ್ನು ತಿನ್ನುತ್ತದೆ. 30ಕೆ ವೇಗಕ್ಕೆ 1000 ಬಿಂದುವಿನ ಚಿತ್ರ ಸೆಕೆಂಡಿಗೆ 30 ಸಲ ಬರುತ್ತದೆ, 1500 ಆದರೆ 20 ಸಲ, ಕಣ್ಣಿಗೆ ಮಿಣುಕು. ‘ಶ್ರೀ ಗಣೇಶಾಯ ನಮಃ’ ಒಂದೇ ಸಲಕ್ಕೆ ಬರೆಯಿಸದೆ ಪದ ಪದವಾಗಿ ತನ್ನಿ.

ಹಬ್ಬ ಮತ್ತು ಮದುವೆ ಸೀಸನ್‌ಗಷ್ಟೇ ಬಾಡಿಗೆಗೆ ಹೋಗುವ ಪೆಟ್ಟಿಗೆಗೆ ಈ ಸೆಟ್ ಸಾಕು, ವಾರಕ್ಕೆ ನಾಲ್ಕು ರಾತ್ರಿ ಓಡಿಸುವವರು ಇದರ ಕಡೆ ನೋಡಬೇಡಿ. ಮತ್ತೆ ತರಿಸುವಾಗ ಒಂದು ವೈ ಮೋಟರನ್ನು ಅದರ ಡ್ರೈವರ್ ಸಮೇತ ಹೆಚ್ಚಿಗೆ ಹೇಳಿ. ದೊಡ್ಡ ಕನ್ನಡಿ ಹೊರುವುದು ಅದೇ.