11 ವರ್ಷ ಕರಾಟೆ ಮಾಡಿ ಜೂಡೊಗೆ ಬಂದವನ 3 ವರ್ಷದ ಅನುಭವ

ಶೋಟೋಕಾನ್ ಶೈಲಿಯ ಕರಾಟೆಯನ್ನು 11 ವರ್ಷ ಕಲಿತಿದ್ದೇನೆ, ಬ್ಲ್ಯಾಕ್ ಬೆಲ್ಟ್ ಇದೆ. ನಡುವೆ 2 ವರ್ಷ ಟೇಕ್ವಾಂಡೊ ಕೂಡ ಮಾಡಿದ್ದೆ. ಜೂಡೊ ಕ್ಲಾಸಿಗೆ ಸೇರಿ ಈಗ 3 ವರ್ಷ ತುಂಬಿತು. ವಾರಕ್ಕೆ 3 ದಿನ, ದಿನಕ್ಕೆ ಒಂದೂವರೆ ಗಂಟೆ. ಬೇರೆ ಸಮರ ಕಲೆ ಕಲಿತು ಜೂಡೊ ಕಡೆ ನೋಡುತ್ತಿರುವವರಿಗೆ ಅನುಕೂಲವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ತಿಂಗಳು ಹೆಚ್ಚುಕಡಿಮೆ ಬೀಳುವುದನ್ನೇ ಕಲಿಸಿದರು. ಇದಕ್ಕೆ ಉಕೆಮಿ ಅನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ನೋಟ ಬೆಲ್ಟಿನ ಗಂಟಿನ ಮೇಲೆ ಇಟ್ಟು, ಎರಡೂ ತೋಳನ್ನು ಮ್ಯಾಟಿಗೆ ಬಡಿಯಬೇಕು. ತಲೆ ತಾಗಬಾರದು. ಯಾವ ಕಡೆ ಬಿದ್ದರೂ ಅಂಗೈ ಊರಿ ತಡೆಯಲು ಹೋಗಬಾರದು. ಊರಿದರೆ ಮಣಿಕಟ್ಟು, ಮೊಣಕೈಗೆ ಪೆಟ್ಟು. ನನಗೆ ಕಷ್ಟವಾಗಿದ್ದು ಇದೇ. ಇಷ್ಟು ವರ್ಷ ಕಾಲು ಗಟ್ಟಿಯಾಗಿ ಊರಿ ನಿಲ್ಲುವುದನ್ನೇ ರೂಢಿ ಮಾಡಿಕೊಂಡ ಮೈ ಬೀಳಲು ಒಪ್ಪುತ್ತಲೇ ಇರಲಿಲ್ಲ. ದಿನಕ್ಕೆ 50 ಸಲ ಬಿದ್ದ ಮೇಲೆ, ಮೂರನೇ ವಾರದ ಹೊತ್ತಿಗೆ, ಕೈ ತಾನಾಗೇ ಮ್ಯಾಟಿಗೆ ಬಡಿಯಲು ಶುರುವಾಯಿತು. ಬೇರೇನೂ ಕಲಿಯದಿದ್ದರೂ ಇದೊಂದಕ್ಕೇ ಜೂಡೊಗೆ ಸೇರಬಹುದು.

ಆಮೇಲೆ ಹಿಡಿತದ ವಿಷಯ. ಎದುರಿನವರನ್ನು ಹತ್ತಿರ ಬಿಟ್ಟುಕೊಳ್ಳಬಾರದು ಅಂತ ಕರಾಟೆ ನನಗೆ ಕಲಿಸಿತ್ತು. ಇಲ್ಲಿ ಆಟ ಶುರುವಾಗುವುದೇ ಒಬ್ಬರನ್ನೊಬ್ಬರು ಹಿಡಿದ ಮೇಲೆ. ಒಂದು ಕೈ ತೋಳಿನ ಬಟ್ಟೆಗೆ, ಇನ್ನೊಂದು ಕಾಲರಿಗೆ. ನಾನು ಹಿಡಿದ ಕೂಡಲೇ ಎರಡೂ ಕೈ ಚಾಚಿ ಬಿಗಿ ಮಾಡುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ಆಯಿತು. ಒಂದು ದಿನ ಸರ್ ನನ್ನನ್ನು ಕರೆದು, "ಕಣ್ಣು ಮುಚ್ಚಿ. ನನ್ನ ತೂಕ ಈಗ ಯಾವ ಕಾಲಿನ ಮೇಲಿದೆ, ಹೇಳಿ" ಅಂದರು. ಗೊತ್ತಾಗಲಿಲ್ಲ. "ಮೊಣಕೈ ಸಡಿಲ ಬಿಡಿ, ಈಗ ಹೇಳಿ" ಅಂದರು. ಅವರು ಬಲಗಾಲಿಗೆ ವಾಲಿದ್ದು ಬಟ್ಟೆಯ ಎಳೆತದಲ್ಲೇ ನನ್ನ ಬೆರಳಿಗೆ ತಿಳಿಯಿತು. ಆ ಹತ್ತು ನಿಮಿಷದಲ್ಲಿ ಕಲಿತಷ್ಟು ಆರು ತಿಂಗಳಲ್ಲಿ ಕಲಿತಿರಲಿಲ್ಲ.

ಹಳೆಯದೆಲ್ಲ ವ್ಯರ್ಥ ಅಲ್ಲ. ಸೊಂಟ ತಿರುಗಿಸುವ ಅಭ್ಯಾಸ ಸಿಯೋಯಿ ನಾಗೆಗೆ, ಅಂದರೆ ಎದುರಿನವರನ್ನು ಬೆನ್ನ ಮೇಲೆ ಹೊತ್ತು ಎಸೆಯುವ ಪಟ್ಟಿಗೆ, ನೇರವಾಗಿ ಒದಗಿತು. ಕರಾಟೆಯ ಕಾಲು ಗುಡಿಸುವ ಹೊಡೆತ ಇಲ್ಲಿನ ದೆ ಆಶಿ ಬರಾಯಿಗೆ ತುಂಬಾ ಹತ್ತಿರ. ಆದರೆ ಇಲ್ಲಿ ಹೊಡೆತ ಅಲ್ಲ. ಎದುರಿನವರ ಕಾಲು ಮುಂದೆ ಬಂದು, ತೂಕ ಇನ್ನೇನು ಅದರ ಮೇಲೆ ಬೀಳಬೇಕು ಅನ್ನುವಾಗ ಪಾದದಿಂದ ಸರಿಸಬೇಕು. ಸ್ವಲ್ಪ ತಡವಾದರೂ ಕಂಬಕ್ಕೆ ಒದ್ದ ಹಾಗೆ. ರ‍್ಯಾಂಡೊರಿಯಲ್ಲಿ, ಅಂದರೆ ಇಬ್ಬರೂ ಮುಕ್ತವಾಗಿ ಸೆಣಸುವ ಅಭ್ಯಾಸದಲ್ಲಿ, ನಾನು ಮೊದಲು ಕೆಡವಿದ್ದು ಇದರಿಂದಲೇ. ಬಲವನ್ನೇ ಹಾಕಿರಲಿಲ್ಲ, ಅವರು ಆಗಲೇ ಮ್ಯಾಟ್ ಮೇಲಿದ್ದರು.

ತೊಂದರೆ ಕೊಟ್ಟಿದ್ದು ಕರಾಟೆಯ ಉದ್ದ ನಿಲುವು. ಮುಂದಿಟ್ಟ ಕಾಲಿನ ಮೇಲೆ ತೂಕ ಜಾಸ್ತಿ ಇದ್ದರೆ ಅದನ್ನೇ ಕೊಕ್ಕೆ ಹಾಕಿ ಎಳೆಯುತ್ತಾರೆ. ಟೇಕ್ವಾಂಡೊದಿಂದ ಬಂದ ಅಡ್ಡ ನಿಲುವಿಗೂ ಅದೇ ಗತಿ.

ಮತ್ತೆ ಹೊಸಬರ ಬಿಳಿ ಬೆಲ್ಟ್ ಕಟ್ಟಲು ಹಿಂಜರಿಯುವವರು ಒಂದು ಸಂಗತಿ ನೆನಪಿಡಿ. ಜಿಗೊರೊ ಕಾನೊ 1882ರಲ್ಲಿ ಜೂಡೊ ಶುರು ಮಾಡಿದರು. ಸಮರ ಕಲೆಗೆ ದಾನ್ ದರ್ಜೆ, ಅಂದರೆ ಬ್ಲ್ಯಾಕ್ ಬೆಲ್ಟಿನ ಮಟ್ಟಗಳನ್ನು, ತಂದವರೂ ಅವರೇ. ಶೋಟೋಕಾನ್ ಕರಾಟೆ ಕಟ್ಟಿದ ಫುನಾಕೋಶಿ ಅದನ್ನು ಅಲ್ಲಿಂದಲೇ ತೆಗೆದುಕೊಂಡು, 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಸಲ ದಾನ್ ಕೊಟ್ಟರು. ನಾವು ಕಟ್ಟುವ ಕಪ್ಪು ಬೆಲ್ಟಿನ ಮೂಲ ಇದೇ ಮನೆ.

ಕೊರತೆಗಳೂ ಇವೆ. ಬೆರಳಿನ ಗೆಣ್ಣುಗಳು ನೋಯುತ್ತವೆ, ಟೇಪ್ ಸುತ್ತದೆ ನಾನು ಮ್ಯಾಟಿಗೆ ಇಳಿಯುವುದಿಲ್ಲ. ಕರಾಟೆಯ ತೆಳು ಗಿ (ಅಭ್ಯಾಸದ ಉಡುಪು) ಹರಿದುಹೋಗುತ್ತದೆ, ದಪ್ಪ ನೇಯ್ಗೆಯ ಜೂಡೊ ಗಿ ಬೇಕೇ ಬೇಕು. ಕಾಲು ಹಿಡಿದು ಕೆಡವುವುದಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅವಕಾಶವಿಲ್ಲದ ಕಾರಣ ಕ್ಲಾಸಿನಲ್ಲೂ ಅದು ಕಡಿಮೆ. ಕುಸ್ತಿಯಿಂದ ಬರುವವರಿಗೆ ಇದು ಬೇಸರ ತರಬಹುದು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಐದನೇ ತಿಂಗಳಲ್ಲಿ. ನನಗಿಂತ ತುಂಬಾ ತೂಕದ ಹೊಸಬರೊಬ್ಬರ ಜೊತೆ ಜೋಡಿ ಹಾಕಿದರು. ಎಸೆಯುತ್ತಾ ಅವರೂ ನನ್ನ ಮೇಲೇ ಬಿದ್ದರು. ಪಕ್ಕೆಲುಬಿನ ನೋವಿಗೆ 5 ವಾರ ಮನೆಯಲ್ಲಿ ಕೂತೆ. ಸೇರುವ ಮೊದಲು ಒಂದು ದಿನ ಸುಮ್ನೆ ಕೂತು, ಹೊಸಬರನ್ನು ಯಾರ ಜೊತೆ ಬಿಡುತ್ತಾರೆ ಅಂತ ನೋಡಿ. ಬೀಳುವುದನ್ನು ಕಲಿಸದೆ ಎಸೆತ ಶುರು ಮಾಡುವ ಕಡೆ ಸೇರಲೇಬೇಡಿ.

ಕರಾಟೆ ಬಿಟ್ಟಿಲ್ಲ. ಬೆಳಿಗ್ಗೆ ಒಬ್ಬನೇ ಕಟಾ, ಅಂದರೆ ಗೊತ್ತುಮಾಡಿದ ಚಲನೆಗಳ ಸರಣಿ, ಮಾಡುತ್ತೇನೆ. ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುತ್ತೇವೆ ಅಲ್ವಾ, ಹಿಕಿತೆ, ಅದನ್ನು 11 ವರ್ಷ ಹೇಳಿಕೊಟ್ಟ ಹಾಗೆ ಮಾಡಿದ್ದೆ ಅಷ್ಟೇ. ಈಗ ಆ ಕೈ ಬರಿದಾಗಿ ಬರುವುದಿಲ್ಲ, ಯಾರದೋ ತೋಳನ್ನು ಎಳೆದುಕೊಂಡೇ ಬರುತ್ತದೆ.