ಕೀಬೋರ್ಡ್ ಡಾಕ್ ಸಿಕ್ಕಿಸಿದ ಟ್ಯಾಬ್ಲೆಟ್: ಲ್ಯಾಪ್‌ಟಾಪ್ ಬಿಟ್ಟುಬಿಡಬಹುದೇ?

ಡಾಕ್ ಎಂದರೆ ಟ್ಯಾಬ್ಲೆಟ್ಟನ್ನು ಸಿಕ್ಕಿಸಿ ಲ್ಯಾಪ್‌ಟಾಪ್ ಥರ ಬಳಸುವ ಕೀಬೋರ್ಡ್ ಪೀಠ. ಉತ್ತರವನ್ನು ಮೊದಲೇ ಹೇಳಿಬಿಡೋಣ. ಬರವಣಿಗೆ, ಮೇಲ್, ಬ್ರೌಸರ್, ವಿಡಿಯೊ ಕರೆ, ಪಿಡಿಎಫ್ ಓದಿ ಗುರುತು ಹಾಕುವುದು, ಇಷ್ಟರಲ್ಲೇ ದಿನ ಮುಗಿಯುವವರಿಗೆ ಧಾರಾಳವಾಗಿ ಸಾಕು. ಮ್ಯಾಕ್ರೊ (ಕೆಲಸವನ್ನು ತಾನೇ ಮಾಡಿಸುವ ಆಜ್ಞೆಗಳ ಸರಣಿ) ತುಂಬಿದ ಎಕ್ಸೆಲ್, ಕೋಡ್ ಕಂಪೈಲ್ ಮಾಡುವುದು, ಹತ್ತಾರು ಫೋಲ್ಡರ್‌ಗಳ ನಡುವೆ ಫೈಲ್ ಸಾಗಿಸುವುದು, ಹಳೆಯ ಸ್ಕ್ಯಾನರಿಗೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹಾಕುವುದು, ಇವುಗಳಲ್ಲಿ ಒಂದಾದರೂ ನಿತ್ಯದ ಕೆಲಸವಾಗಿದ್ದರೆ ಸಾಲದು. ಕೊಳ್ಳುವಾಗ ಎಲ್ಲರೂ ಕೀಬೋರ್ಡ್ ಒತ್ತಿ ನೋಡುತ್ತಾರೆ. ಆಮೇಲೆ ಕೈಕೊಡುವುದು ಹೆಚ್ಚಾಗಿ ಕೀಬೋರ್ಡ್ ಅಲ್ಲ. ಒಳಗಿನ ಆಪರೇಟಿಂಗ್ ಸಿಸ್ಟಮ್ ಮತ್ತು ಪಕ್ಕದಲ್ಲಿರುವ ಆ ಒಂದೇ ಒಂದು ಪೋರ್ಟ್.

ಯೋಚನೆ ಹಳೆಯದೇ. 2011ರಲ್ಲಿ ಆಸುಸ್ ತಂದ ‘ಈ ಪ್ಯಾಡ್’ (Eee Pad) ಟ್ರಾನ್ಸ್‌ಫಾರ್ಮರ್ ಟಿಎಫ್101ರ ಡಾಕ್‌ನಲ್ಲಿ ಕೀಬೋರ್ಡು, ಟಚ್‌ಪ್ಯಾಡ್ ಅಲ್ಲದೆ ಎರಡು ಪೂರ್ಣ ಗಾತ್ರದ ಯುಎಸ್‌ಬಿ ಪೋರ್ಟ್, ಎಸ್‌ಡಿ ಕಾರ್ಡಿಗೆ ಜಾಗ, ಜೊತೆಗೆ ತನ್ನದೇ ಇನ್ನೊಂದು ಬ್ಯಾಟರಿಯೂ ಇತ್ತು. ಡಾಕ್‌ನ ಬ್ಯಾಟರಿ ಟ್ಯಾಬ್ಲೆಟ್ಟಿಗೆ ಚಾರ್ಜ್ ಉಣಿಸುತ್ತಿತ್ತು. ಈಗಿನ ಡಾಕ್‌ಗಳಲ್ಲಿ ಇದೆಲ್ಲ ಅಪರೂಪ. ಬಹುಪಾಲು ಡಾಕ್ ಎಂದು ಮಾರುವುದು ತೆಳ್ಳಗಿನ ಕವರ್ ಕೀಬೋರ್ಡನ್ನೇ. ಬ್ಯಾಟರಿ ಇರುವ ಹಳೆಯ ಡಾಕ್ ಅಗ್ಗಕ್ಕೆ ಸಿಕ್ಕರೆ ಒಂದು ಎಚ್ಚರ: ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಬಿಟ್ಟ ಲಿಥಿಯಂ ಬ್ಯಾಟರಿ ಪೂರ್ತಿ ಇಳಿದು ಮತ್ತೆ ಎಚ್ಚರಗೊಳ್ಳದೆ ಇರಬಹುದು. ಟ್ಯಾಬ್ಲೆಟ್ ಪರದೆಯ ಮೇಲೆ ಡಾಕ್‌ನ ಚಾರ್ಜ್ ಏರುವುದನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಿ.

ಮೊದಲು ಭಾರದ ಲೆಕ್ಕ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ, ಮದರ್‌ಬೋರ್ಡ್ ಎಲ್ಲವೂ ಕೀಬೋರ್ಡಿನ ಅಡಿಯಲ್ಲಿ ಇರುತ್ತವೆ, ಪರದೆ ಹಗುರ. ಟ್ಯಾಬ್ಲೆಟ್‌ನಲ್ಲಿ ಇದು ತಲೆಕೆಳಗು: ಅರ್ಧ ಕಿಲೊ ಆಸುಪಾಸಿನ ತೂಕ ಪರದೆಯ ಹಿಂದೆಯೇ ಕೂತಿದೆ. ಹೀಗಾಗಿ ಹಿಂದಕ್ಕೆ ಮಗುಚದಂತೆ ತಡೆಯಲು ತಯಾರಕರು ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಡಾಕ್‌ಗೇ ತೂಕ ತುಂಬಿ ಹಿಂಜ್ (ಮಡಿಸುವ ಕೀಲು) ಹೆಚ್ಚು ಹಿಂದಕ್ಕೆ ಬಾಗದಂತೆ ಬಿಗಿಯುವುದು ಒಂದು. ಮೈಕ್ರೊಸಾಫ್ಟ್‌ನ ಸರ್ಫೇಸ್ ಪ್ರೊ ಥರ ಬೆನ್ನಿಗೆ ಊರುಗಾಲು, ಅಂದರೆ ಕಿಕ್‌ಸ್ಟ್ಯಾಂಡ್ ಕೊಡುವುದು ಎರಡನೆಯದು. ಐಪ್ಯಾಡಿನ ಮ್ಯಾಜಿಕ್ ಕೀಬೋರ್ಡಿನಂತೆ ಟ್ಯಾಬ್ಲೆಟ್ಟನ್ನು ಅಯಸ್ಕಾಂತದಲ್ಲಿ ಹಿಡಿದು, ಕೀಲಿಗಳ ಮೇಲಕ್ಕೆ ಮುಂದೆ ಚಾಚಿ ನಿಲ್ಲಿಸುವುದು ಮೂರನೆಯದು.

ಮೂರಕ್ಕೂ ಬೆಲೆ ತೆರಲೇಬೇಕು. ಕಿಕ್‌ಸ್ಟ್ಯಾಂಡ್ ಇರುವುದಕ್ಕೆ ಮೇಜಿನ ಮೇಲೆ ಲ್ಯಾಪ್‌ಟಾಪ್‌ಗಿಂತ ಹೆಚ್ಚು ಆಳದ ಜಾಗ ಬೇಕು. ತೊಡೆಯ ಮೇಲಿಟ್ಟರೆ ಸ್ಟ್ಯಾಂಡಿನ ಅಂಚು ಮೊಣಕಾಲಿನ ಹತ್ತಿರ ಕೂರುತ್ತದೆ, ಕಾಲು ಅಲುಗಿದರೆ ಜಾರುತ್ತದೆ. ಚಾಚಿದ ತೋಳಿನ ವಿನ್ಯಾಸ ತೊಡೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ, ಆದರೆ ಪರದೆ ಒಂದು ಮಿತಿ ದಾಟಿ ಹಿಂದಕ್ಕೆ ಬಾಗುವುದಿಲ್ಲ. ಎತ್ತರದವರು ಕತ್ತು ಬಗ್ಗಿಸಿಯೇ ನೋಡಬೇಕು. ತೂಕದ ವಿಷಯದಲ್ಲಂತೂ ಜಾಹೀರಾತಿನ ಅಂಕಿಯನ್ನು ನಂಬಬೇಡಿ, ಅದು ಬರೀ ಟ್ಯಾಬ್ಲೆಟ್‌ನದು. 2020ರ 12.9 ಇಂಚಿನ ಐಪ್ಯಾಡ್ ಪ್ರೊ 641 ಗ್ರಾಂ; ಅದಕ್ಕೆ ಮ್ಯಾಜಿಕ್ ಕೀಬೋರ್ಡ್ ಸೇರಿದರೆ ಸುಮಾರು 1.35 ಕೆಜಿ. ಅದೇ ವರ್ಷದ ಮ್ಯಾಕ್‌ಬುಕ್ ಏರ್ 1.29 ಕೆಜಿ! 2024ರ 13 ಇಂಚಿನ ಐಪ್ಯಾಡ್ ಪ್ರೊ 579 ಗ್ರಾಂಗೆ ಇಳಿಯಿತು, ಕೀಬೋರ್ಡೂ ಹಗುರಾಯಿತು, ಆದರೂ ಜೋಡಿಯ ತೂಕ ಏರ್‌ನ ಆಸುಪಾಸಿನಲ್ಲೇ ಇದೆ. ಹಗುರ ಎಂಬ ಒಂದೇ ಕಾರಣಕ್ಕೆ ಕೊಳ್ಳುವವರು ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ನೋಡಬೇಕು.

ಕೀಲಿಗಳ ಅಳತೆಗೆ ಬರೋಣ. ಪೂರ್ಣ ಗಾತ್ರದ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19 ಮಿಮೀ. ಒಂದು ಸಾಲಿಗೆ ಹದಿನೈದು ಕೀಲಿಗಳಷ್ಟು ಅಗಲ ಹಿಡಿದರೆ 285 ಮಿಮೀ ಬೇಕು. 13 ಇಂಚಿನ ಟ್ಯಾಬ್ಲೆಟ್ ಉದ್ದ ಸುಮಾರು 280 ಮಿಮೀ, ಹೇಗೋ ಹೊಂದುತ್ತದೆ. 11 ಇಂಚಿನದು 250 ಮಿಮೀ ಆಸುಪಾಸು. ಆ ಕೊರತೆಯನ್ನು ಅಕ್ಷರದ ಕೀಲಿಗಳಿಂದ ಕಳೆಯದೆ ಅಂಚಿನವನ್ನು ಕತ್ತರಿಸುತ್ತಾರೆ: ಟ್ಯಾಬ್, ಬಲಗಡೆಯ ಆವರಣ ಚಿಹ್ನೆಗಳು, ಉದ್ಧರಣ ಚಿಹ್ನೆ, ಎಂಟರ್ ಇವೆಲ್ಲ ಸೊರಗುತ್ತವೆ. ಸಾದಾ ವಾಕ್ಯ ಟೈಪ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಕೋಡ್ ಅಥವಾ ಸೂತ್ರ ಬರೆಯುವವರ ಕಿರುಬೆರಳು ಮಾತ್ರ ಪದೇ ಪದೇ ತಪ್ಪುತ್ತದೆ. 10 ಇಂಚಿನ ಡಾಕ್‌ಗಳಲ್ಲಿ ಅಕ್ಷರಗಳೇ 17 ಮಿಮೀ ಆಸುಪಾಸಿಗೆ ಕುಗ್ಗುತ್ತವೆ. ಅದರಲ್ಲಿ ಎರಡು ಪುಟ ಬರೆಯಬಹುದು, ದಿನವಿಡೀ ಬರೆಯುವುದು ಶಿಕ್ಷೆಯೇ ಸರಿ. 2020ರ ಮ್ಯಾಜಿಕ್ ಕೀಬೋರ್ಡಿನಲ್ಲಿ ಎಸ್ಕೇಪ್ ಕೀಲಿಯೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಕೀಬೋರ್ಡ್, ಹಾರ್ಡ್‌ವೇರ್ ಕೀಬೋರ್ಡ್, ಮಾಡಿಫೈಯರ್ ಕೀಸ್ ಎಂದು ಹೋಗಿ ಕ್ಯಾಪ್ಸ್ ಲಾಕನ್ನೇ ಎಸ್ಕೇಪ್ ಮಾಡಿಕೊಳ್ಳಬಹುದು.

ಕನ್ನಡವೂ ಸೇರಿದಂತೆ ಇಂಗ್ಲಿಷೇತರ ಭಾಷೆಯಲ್ಲಿ ಬರೆಯುವವರು ಒಂದು ಸಂಗತಿ ಗಮನಿಸಬೇಕು: ಆಂಡ್ರಾಯ್ಡ್‌ನಲ್ಲಿ ಪರದೆಯ ಕೀಲಿಮಣೆಗೂ ಭೌತಿಕ ಕೀಬೋರ್ಡಿಗೂ ವಿನ್ಯಾಸ ಬೇರೆ ಬೇರೆಯಾಗಿ ಆರಿಸಬೇಕು. ಪರದೆಯ ಮೇಲೆ ನಿಮ್ಮ ಭಾಷೆ ಬಂದ ಮಾತ್ರಕ್ಕೆ ಡಾಕ್‌ನಲ್ಲೂ ಬರುತ್ತದೆಂದು ಹೇಳಲಾಗದು.

ಜೋಡಣೆ ಪಿನ್ನಿನದೋ ಬ್ಲೂಟೂತಿನದೋ ಎಂದರೆ ಎರಡು ಮಾತಿಲ್ಲ, ಪಿನ್ನೇ ಮೇಲು. ಬ್ಲೂಟೂತ್ ಕೀಬೋರ್ಡ್ ಸುಮ್ಮನೆ ಬಿಟ್ಟರೆ ನಿದ್ದೆ ಹೋಗುತ್ತದೆ. ಎಬ್ಬಿಸಲು ಒತ್ತಿದ ಮೊದಲ ಒಂದೆರಡು ಅಕ್ಷರ ಮಾಯ, ಪಾಸ್‌ವರ್ಡ್ ತಪ್ಪಾಯಿತು ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಅದನ್ನು ಬೇರೆ ಚಾರ್ಜ್ ಮಾಡಬೇಕು, ವಿಂಡೋಸ್ ಯಂತ್ರವಾದರೆ ಬಯೋಸ್ (ವಿಂಡೋಸ್ ಶುರುವಾಗುವ ಮುಂಚಿನ ಮೂಲ ಸೆಟ್ಟಿಂಗ್) ಪರದೆಯಲ್ಲಿ ಅದು ಸಾಮಾನ್ಯವಾಗಿ ಕೆಲಸಕ್ಕೇ ಬರುವುದಿಲ್ಲ. ಪಿನ್ ಇರುವ ಡಾಕ್ ಟ್ಯಾಬ್ಲೆಟ್‌ನಿಂದಲೇ ವಿದ್ಯುತ್ ಎಳೆದುಕೊಳ್ಳುತ್ತದೆ, ಸಿಕ್ಕಿಸಿದ ತಕ್ಷಣ ಸಿದ್ಧ. ಇದಕ್ಕಿರುವ ಕಾಯಿಲೆ ಒಂದೇ: ಬೆವರು, ಧೂಳು ಕೂತು ಸಂಪರ್ಕ ಬಿಟ್ಟು ಬಿಟ್ಟು ಬರುವುದು. ಟ್ಯಾಬ್ಲೆಟ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ತಾಕಿಸಿದ, ಎಳೆ ಉದುರದ ಬಟ್ಟೆಯಿಂದ ಎರಡೂ ಕಡೆಯ ಪಿನ್ ಒರೆಸಿ, ಒಣಗಲು ಬಿಟ್ಟು ಮತ್ತೆ ಜೋಡಿಸಿ. ಸ್ಪ್ರಿಂಗ್ ಪಿನ್ನುಗಳಲ್ಲಿ ಒಂದು ಒಳಗೇ ಕುಸಿದು ಕೂತಿದ್ದರೆ ಒರೆಸಿ ಪ್ರಯೋಜನವಿಲ್ಲ.

ಈಗ ಮುಖ್ಯ ವಿಷಯ. ಐಪ್ಯಾಡಿಗೆ ಟ್ರ್ಯಾಕ್‌ಪ್ಯಾಡ್ ಬೆಂಬಲ ಸರಿಯಾಗಿ ಬಂದದ್ದು 2020ರ ಐಪ್ಯಾಡ್ಓಎಸ್ 13.4ರಲ್ಲಿ, ಹಲವು ಆ್ಯಪ್‌ಗಳನ್ನು ಕಿಟಕಿಗಳಲ್ಲಿ ಒಟ್ಟಿಗೆ ತೋರಿಸುವ ಸ್ಟೇಜ್ ಮ್ಯಾನೇಜರ್ 2022ರಲ್ಲಿ, ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವ ವಿಂಡೊಗಳೂ ಮೆನು ಬಾರೂ ಬಂದದ್ದು 2025ರ ಐಪ್ಯಾಡ್ಓಎಸ್ 26ರಲ್ಲಿ. ಅಂದರೆ ಕಿಟಕಿಗಳ ತಕರಾರು ಹೆಚ್ಚುಕಡಿಮೆ ತೀರಿದೆ. ತೀರದಿರುವುದು ತಂತ್ರಾಂಶದ ತಕರಾರು. ಐಪ್ಯಾಡ್ ಮತ್ತು ಆಂಡ್ರಾಯ್ಡ್ ಎಕ್ಸೆಲ್‌ನಲ್ಲಿ ವಿಬಿಎ ಎಂಬ ಭಾಷೆಯಲ್ಲಿ ಬರೆದ ಮ್ಯಾಕ್ರೊ ಓಡುವುದಿಲ್ಲ. ಫೈಲ್ ತೆರೆಯುತ್ತದೆ, ಅಂಕಿಗಳು ಕಾಣುತ್ತವೆ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಪರದೆ 10.1 ಇಂಚಿಗಿಂತ ದೊಡ್ಡದಾದರೆ ಮೈಕ್ರೊಸಾಫ್ಟ್‌ನ ಮೊಬೈಲ್ ಆಫೀಸಿನಲ್ಲಿ ತಿದ್ದಲು ಚಂದಾ ಬೇಕು, ಚಿಕ್ಕದಾದರೆ ಮೂಲ ಸೌಲಭ್ಯಗಳು ಉಚಿತ. ಇದು ಎಷ್ಟೋ ಮಂದಿಗೆ ದೊಡ್ಡ ಟ್ಯಾಬ್ಲೆಟ್ ಕೊಂಡಾದ ಮೇಲೆ ತಿಳಿಯುತ್ತದೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಇಲ್ಲ; ಬೇಕೇ ಬೇಕೆಂದರೆ ಫೈರ್‌ಫಾಕ್ಸ್ ನೋಡಬಹುದು. ವೆಬ್‌ಸೈಟ್ ಮೊಬೈಲ್ ರೂಪದಲ್ಲೇ ತೆರೆಯುತ್ತಿದ್ದರೆ ಮೆನುವಿನಲ್ಲಿ ಡೆಸ್ಕ್‌ಟಾಪ್ ಸೈಟ್ ಆರಿಸಿಕೊಳ್ಳಿ. ಆಂಡ್ರಾಯ್ಡ್ ಬಣದಲ್ಲಿ ಡಾಕ್‌ಗೆ ನಿಜಕ್ಕೂ ಒಗ್ಗುವುದು, ಡೆಸ್ಕ್‌ಟಾಪ್‌ನಂಥ ಕಿಟಕಿಗಳನ್ನು ಕೊಡುವ ಸ್ಯಾಮ್‌ಸಂಗ್ ಡೆಕ್ಸ್. 2018ರ ಟ್ಯಾಬ್ ಎಸ್4ರಿಂದ ಅದು ಹೊರಗಿನ ಮಾನಿಟರ್ ಇಲ್ಲದೆಯೂ ಟ್ಯಾಬ್ಲೆಟ್ ಪರದೆಯಲ್ಲೇ ಓಡುತ್ತದೆ.

ವಿಂಡೋಸ್ ಟ್ಯಾಬ್ಲೆಟ್ ಆದರೆ ಈ ತಲೆನೋವಿಲ್ಲ ಎನ್ನುವುದು ಅರ್ಧ ಸತ್ಯ. 2012ರ ಸರ್ಫೇಸ್ ಆರ್‌ಟಿಯಲ್ಲಿ ಹೊರಗಿನ ಡೆಸ್ಕ್‌ಟಾಪ್ ತಂತ್ರಾಂಶ ಹಾಕಲು ಬರುತ್ತಲೇ ಇರಲಿಲ್ಲ. ಈಗಿನ ಆರ್ಮ್ (ಇಂಟೆಲ್‌ಗಿಂತ ಬೇರೆ ಬಗೆಯ) ಚಿಪ್ಪಿನ ವಿಂಡೋಸ್, ಇಂಟೆಲ್‌ಗೆಂದು ಬರೆದ ತಂತ್ರಾಂಶವನ್ನು ಅನುಕರಿಸಿ ಓಡಿಸುತ್ತದೆ. ಡ್ರೈವರ್‌ಗಳಿಗೆ ಮಾತ್ರ ಆ ಅನುಕರಣೆ ಅನ್ವಯಿಸದು. ಹಳೆಯ ಸ್ಕ್ಯಾನರ್, ಲೇಬಲ್ ಪ್ರಿಂಟರ್, ಕೆಲವು ವಿಪಿಎನ್‌ಗಳು ಅಲ್ಲೇ ನಿಲ್ಲುತ್ತವೆ. ಆರ್ಮ್64 ಡ್ರೈವರ್ ಇದೆಯೇ ಎಂದು ಸಾಧನದ ತಯಾರಕರ ತಾಣದಲ್ಲಿ ಮೊದಲೇ ಹುಡುಕಿ. ಇಂಟೆಲ್ ಚಿಪ್ಪಿನದಾದರೆ ಇದೆಲ್ಲ ಇಲ್ಲ, ಬದಲಿಗೆ ಬಿಸಿ, ಕೆಲವದರಲ್ಲಿ ಫ್ಯಾನಿನ ಸದ್ದು ಮತ್ತು ಬೇಗ ಇಳಿಯುವ ಬ್ಯಾಟರಿ. 4 ಜಿಬಿ ರ‍್ಯಾಮ್, ಇಎಂಎಂಸಿ ಎಂಬ ನಿಧಾನಗತಿಯ ಸಂಗ್ರಹವಿರುವ ಅಗ್ಗದ ವಿಂಡೋಸ್ ಟ್ಯಾಬ್ಲೆಟ್ಟನ್ನು ಯಾವ ಕಾರಣಕ್ಕೂ ತೆಗೆದುಕೊಳ್ಳಬೇಡಿ. ಅಪ್‌ಡೇಟ್ ಇಳಿಯುವಷ್ಟು ಹೊತ್ತು ಬೇರೇನೂ ಅಲುಗುವುದಿಲ್ಲ, ರ‍್ಯಾಮನ್ನೂ ಸಂಗ್ರಹವನ್ನೂ ಬದಲಿಸುವ ದಾರಿಯೂ ಇಲ್ಲ. ಆಂಡ್ರಾಯ್ಡ್‌ನಲ್ಲೂ 4 ಜಿಬಿ ಎಂದರೆ ಹಿಂದಿನ ಆ್ಯಪ್‌ಗೆ ಮರಳಿದಾಗ ಪುಟ ಮತ್ತೆ ಮೊದಲಿಂದ ಲೋಡ್ ಆಗುವುದು, ಅರ್ಧ ತುಂಬಿದ ಅರ್ಜಿ ಅಳಿಸಿಹೋಗುವುದು. 8 ಜಿಬಿಗಿಂತ ಕಡಿಮೆ ಬೇಡ.

ಹೆಚ್ಚಿನ ಟ್ಯಾಬ್ಲೆಟ್‌ಗಳಲ್ಲಿ ಪೋರ್ಟ್ ಒಂದೇ ಇರುವುದರಿಂದ ಅದನ್ನು ಹಲವು ಪೋರ್ಟ್ ಮಾಡಿಕೊಡುವ ಹಬ್ ಬೇಕೇ ಬೇಕು, ಅದರಲ್ಲಿ ಚಾರ್ಜನ್ನು ದಾಟಿಸುವ ಪವರ್ ಡೆಲಿವರಿ ಇರಲೇಬೇಕು. ಇಲ್ಲವಾದರೆ ಮಾನಿಟರ್ ಹಾಕಿದಾಗ ಚಾರ್ಜ್ ಇಲ್ಲ, ಚಾರ್ಜ್ ಹಾಕಿದಾಗ ಮಾನಿಟರ್ ಇಲ್ಲ. ಮ್ಯಾಜಿಕ್ ಕೀಬೋರ್ಡಿನ ಹಿಂಜ್‌ನಲ್ಲಿರುವ ಯುಎಸ್‌ಬಿ-ಸಿ ಚಾರ್ಜಿಗೆ ಮಾತ್ರ. ಪೆನ್‌ಡ್ರೈವ್ ಹಾಕಿದರೆ ಏನೂ ಕಾಣಿಸದು. ರಂಧ್ರದ ಆಕಾರ ನೋಡಿ ವೇಗ ಊಹಿಸಬೇಡಿ. ಹತ್ತನೇ ತಲೆಮಾರಿನ ಸಾದಾ ಐಪ್ಯಾಡಿನಲ್ಲಿ ಯುಎಸ್‌ಬಿ-ಸಿ ಇದ್ದರೂ ವೇಗ ಯುಎಸ್‌ಬಿ 2ರದ್ದೇ, 480 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 480 ಮೆಗಾಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ನಿಜದಲ್ಲಿ ಸೆಕೆಂಡಿಗೆ 35-40 ಮೆಗಾಬೈಟ್ ಸಿಗುತ್ತದೆ, 20 ಜಿಬಿ ವಿಡಿಯೊ ನಕಲಾಗಲು ಎಂಟೊಂಬತ್ತು ನಿಮಿಷ. 10 ಜಿಬಿಪಿಎಸ್ ಪೋರ್ಟಿನಲ್ಲಿ ಒಳ್ಳೆಯ ಎಸ್‌ಎಸ್‌ಡಿಯಿಂದ ಇದೇ ಕೆಲಸ ನಿಮಿಷದೊಳಗೆ ಮುಗಿಯಬಹುದು. ಆ ಐಪ್ಯಾಡ್ ಮಾನಿಟರಿನಲ್ಲಿ ತನ್ನ ಪರದೆಯ ಪ್ರತಿಬಿಂಬವನ್ನಷ್ಟೇ ತೋರಿಸುತ್ತದೆ, ಎರಡನೆಯ ಪರದೆಯಾಗಿ ಬಳಸಲಾಗದು. ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಎಷ್ಟೋ ಪೋರ್ಟ್‌ಗಳಿಂದ ವಿಡಿಯೊ ಹೊರಬರುವುದೇ ಇಲ್ಲ. ಡ್ರೈವ್ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಜೋಡಿಸಿಡುವ ಕ್ರಮ) ಆಗಿದ್ದರೆ ಅನೇಕ ಟ್ಯಾಬ್ಲೆಟ್‌ಗಳು ಗುರುತಿಸವು. ಫ್ಯಾಟ್32 ಎಲ್ಲೆಡೆ ನಡೆಯುತ್ತದೆ, ಆದರೆ 4 ಜಿಬಿ ಮೀರಿದ ಒಂಟಿ ಫೈಲ್ ಅದರಲ್ಲಿ ಕೂರದು. ಎಕ್ಸ್‌ಫ್ಯಾಟ್ ಮಾಡಿಟ್ಟುಕೊಳ್ಳುವುದೇ ಹೆಚ್ಚು ಅನುಕೂಲ.

ಟ್ಯಾಬ್ಲೆಟ್ ಗೆಲ್ಲುವ ಕಡೆ ನಿಚ್ಚಳವಾಗಿಯೇ ಗೆಲ್ಲುತ್ತದೆ. ಪೆನ್ನಿನಲ್ಲಿ ಪಿಡಿಎಫ್ ತಿದ್ದುವುದು, ಪಾಠದ ಟಿಪ್ಪಣಿ, ಸಹಿ, ನಿಂತುಕೊಂಡೇ ಓದುವುದು ಇವಕ್ಕೆ ಲ್ಯಾಪ್‌ಟಾಪ್ ಹತ್ತಿರವೂ ಸುಳಿಯದು. ಸ್ಯಾಮ್‌ಸಂಗ್‌ನ ಎಸ್ ಪೆನ್ ಬರೆಯಲು ಚಾರ್ಜ್ ಕೇಳುವುದಿಲ್ಲ, ಆ್ಯಪಲ್ ಪೆನ್ಸಿಲ್ ಕೇಳುತ್ತದೆ. ಸಿಮ್ ಹಾಕುವ ಮಾದರಿ ಸುಲಭವಾಗಿ ಸಿಗುತ್ತದೆ. ಕೀಬೋರ್ಡಿಗೆ ಚಹಾ ಚೆಲ್ಲಿದರೆ ಡಾಕ್ ಒಂದನ್ನೇ ಬದಲಿಸಿದರಾಯಿತು. ಲ್ಯಾಪ್‌ಟಾಪ್‌ನಲ್ಲಿ ಅದೇ ಚಹಾ ಮದರ್‌ಬೋರ್ಡಿಗೆ ಇಳಿಯುತ್ತದೆ. ಆದರೆ ಟ್ಯಾಬ್ಲೆಟ್ ಪರದೆಯನ್ನೂ ಬ್ಯಾಟರಿಯನ್ನೂ ಅಂಟಿನಿಂದ ಕೂರಿಸಿರುತ್ತಾರೆ, ಬ್ಯಾಟರಿ ಸೋತಾಗ ರಿಪೇರಿ ಲ್ಯಾಪ್‌ಟಾಪ್‌ನಷ್ಟು ಸಲೀಸಲ್ಲ.

ನಮ್ಮ ಆಯ್ಕೆ ಹೀಗೆ. ಓದು, ಟಿಪ್ಪಣಿ ಹೆಚ್ಚು, ಟೈಪಿಂಗ್ ಕಡಿಮೆ ಎನ್ನುವವರಿಗೆ 11 ಇಂಚು. ದಿನಕ್ಕೆ ಗಂಟೆಗಟ್ಟಲೆ ಬರೆಯುವವರಿಗೆ 12-13 ಇಂಚು, ಪಿನ್ ಜೋಡಣೆ, ಟ್ರ್ಯಾಕ್‌ಪ್ಯಾಡ್ ಇರುವ ಡಾಕ್. ಡೆಸ್ಕ್‌ಟಾಪ್ ತಂತ್ರಾಂಶ ಒಂದಾದರೂ ಬೇಕೆಂದರೆ ವಿಂಡೋಸ್ ಟ್ಯಾಬ್ಲೆಟ್, ಅದೂ ಬಹುಪಾಲು ಮೇಜಿನ ಮೇಲೆ ಬಳಸುವುದಾದರೆ. ತೊಡೆಯ ಮೇಲೆ ಟೈಪ್ ಮಾಡುವುದೇ ಹೆಚ್ಚಾದರೆ ಸುಮ್ಮನೆ ಲ್ಯಾಪ್‌ಟಾಪ್ ತೆಗೆದುಕೊಳ್ಳಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಅತಿ ಭಾರದ ಎಕ್ಸೆಲ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಡಾಕ್ ಸಿಕ್ಕಿಸಿ, ಕುರ್ಚಿಯಲ್ಲಿ ಕೂತು, ತೊಡೆಯ ಮೇಲಿಟ್ಟು ಒಂದು ಪುಟ ಟೈಪ್ ಮಾಡಿ. ಪರದೆಯ ಮೇಲ್ತುದಿಯನ್ನು ಬೆರಳಿನಿಂದ ತಟ್ಟಿ, ಹಿಂದಕ್ಕೆ ಓಲಾಡಿದರೆ ಅದು ದಿನವೂ ಓಲಾಡುತ್ತದೆ. ಹಬ್ ಮೂಲಕ ಚಾರ್ಜರ್, ಪೆನ್‌ಡ್ರೈವ್, ಎಚ್‌ಡಿಎಂಐ ಮೂರನ್ನೂ ಒಟ್ಟಿಗೆ ಹಾಕಿಸಿ. ಪೆಟ್ಟಿಗೆಯಲ್ಲಿ ಕೀಬೋರ್ಡ್ ಇದೆಯೋ, ಅದಕ್ಕೆ ಬೇರೆ ಬಿಲ್ಲೋ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.